ಥರ್ಟಿ–ಫಾರ್ಟಿ ಸೈಟಿನಲ್ಲಿ ಬೇಟೆನಾಯಿ

ಓಡುವುದಕ್ಕೆಂದೇ ಹುಟ್ಟಿದ ಮುಧೋಳ ನಾಯಿ ಈಗ ನಗರದ ಬಡಾವಣೆಗಳಿಗೂ ಬಂದಿದೆ. ಕಟ್ಟಿಹಾಕಿದರೆ ಕೊರಗುತ್ತದೆ, ಬಿಟ್ಟರೆ ಕೈಗೆ ಸಿಗುವುದಿಲ್ಲ. ಅದಕ್ಕೊಂದು ಓಟ ಕೊಡಿಸುವುದು ಹೇಗೆ?

ಬೆಂಗಳೂರಿನ ಥರ್ಟಿ–ಫಾರ್ಟಿ ಸೈಟಿನ ಉದ್ದ ಸುಮಾರು 12 ಮೀಟರ್. ಗಂಟೆಗೆ 50 ಕಿ.ಮೀ. ವೇಗ ಹಿಡಿದ ನಾಯಿಗೆ ಅಷ್ಟು ದೂರ ದಾಟಲು ಒಂದು ಸೆಕೆಂಡೂ ಬೇಡ. ಹಾಲಿನವನಿಗೆಂದು ತೆರೆದ ಗೇಟಿನ ಸಂದಿಯಿಂದ ಅದು ನುಸುಳಿತೆಂದರೆ, ಯಜಮಾನರು ಹೆಸರು ಹಿಡಿದು ಎರಡು ಸಲ ಕೂಗುವಷ್ಟರಲ್ಲಿ ಕ್ರಾಸ್ ದಾಟಿ ಮೇನ್ ರೋಡಿಗೆ ಬಿದ್ದಿರುತ್ತದೆ. ಅಲ್ಲಿ ಬಿಎಂಟಿಸಿ ಬಸ್ಸು, ನೀರಿನ ಟ್ಯಾಂಕರು, ಬೀದಿನಾಯಿಗಳ ಹಿಂಡು.

ಹಾಗೆಂದು ಅದನ್ನು ಮೆಟ್ಟಿಲ ಕೆಳಗೆ ಸರಪಳಿಗೆ ಕಟ್ಟಿದರೆ ಇನ್ನೊಂದು ರಗಳೆ. ಬಾಗಿಲು ಕೆರೆಯುತ್ತದೆ, ಚಪ್ಪಲಿ ಹರಿಯುತ್ತದೆ, ಇದ್ದಲ್ಲೇ ಸುತ್ತು ಹಾಕುತ್ತದೆ. ಗೇಟು ತೆರೆದ ಸದ್ದಾದರೆ ಸಾಕು, ಇನ್ನಷ್ಟು ಜೋರಾಗಿ ಹೊರಗೆ ಹಾರುತ್ತದೆ. ಓಟ ಸಿಗದ ನಾಯಿಯೇ ಹೆಚ್ಚು ತಪ್ಪಿಸಿಕೊಳ್ಳುತ್ತದೆ ಎನ್ನುವುದು ಇಂಥ ನಾಯಿ ಸಾಕಿದವರಿಗೆಲ್ಲ ಗೊತ್ತು. ಆದ್ದರಿಂದ ಬಿಡಬೇಕೋ ಬೇಡವೋ ಎಂಬ ಚರ್ಚೆಗೆ ಅರ್ಥವಿಲ್ಲ. ಎಲ್ಲಿ ಬಿಡುತ್ತೀರಿ, ಬಿಡುವ ಮುನ್ನ ಏನು ಕಲಿಸಿದ್ದೀರಿ ಎಂಬುದಷ್ಟೇ ಪ್ರಶ್ನೆ.

ತಾನೇ ತೀರ್ಮಾನಿಸುವ ತಳಿ

ರನ್ನನ ಊರಾದ ಮುಧೋಳ ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿದೆ. ಅಲ್ಲಿನ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಆಸ್ಥೆಯಿಂದ ಬೆಳೆಸಿ, ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೂ ಕಾಣಿಕೆಯಾಗಿ ಕೊಟ್ಟಿದ್ದರು. ನಾಯಿಗೆ ಊರಿನ ಹೆಸರು ಅಂಟಿಕೊಂಡಿತು. ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಗಳಲ್ಲಿ ಇದರ ಹೆಸರು ಕಾರವಾನ್ ಹೌಂಡ್. 2005ರಲ್ಲಿ ಅಂಚೆ ಇಲಾಖೆ ದೇಶಿ ತಳಿಗಳ ಚೀಟಿಗಳನ್ನು ಹೊರತಂದಾಗ ಹಿಮಾಲಯದ ಕುರಿನಾಯಿ, ರಾಂಪುರ ಹೌಂಡ್, ರಾಜಪಾಳಯಂಗಳ ಜೊತೆ ಮುಧೋಳಕ್ಕೂ ಜಾಗ ಸಿಕ್ಕಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಹೆಸರು ಹೇಳಿದ ಮೇಲಂತೂ ಈ ನಾಯಿಯನ್ನು ಕಾಣದವರಿಗೂ ಅದರ ಪರಿಚಯವಾಯಿತು.

ಕೀರ್ತಿ ಬಂತು, ಮರಿಗಳು ಊರೂರಿಗೆ ಹೋದವು. ಆದರೆ ಸ್ವಭಾವ ಬದಲಾಗಲಿಲ್ಲ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳು ಮನುಷ್ಯನ ಮುಖ ನೋಡಿ ಕೆಲಸ ಮಾಡಲು ರೂಪುಗೊಂಡ ತಳಿಗಳು. ಮುಧೋಳದ ಕಸುಬು ಬೇರೆ. ಕಣ್ಣಿಗೆ ಬಿದ್ದ ಬೇಟೆಯನ್ನು ಅಟ್ಟಿಸಿಕೊಂಡು ಹೋಗುವ ನಾಯಿ ಇದು. ಬೇಟೆಗಾರ ಎಷ್ಟೋ ಹಿಂದೆ ಉಳಿದಿರುತ್ತಾನೆ. ಎಲ್ಲಿ ತಿರುಗಬೇಕು, ಯಾವಾಗ ಹಿಡಿಯಬೇಕು ಎಂಬುದನ್ನು ನಾಯಿಯೇ ನಿರ್ಧರಿಸಬೇಕು. ಓಡುವಾಗ ತಿರುಗಿ ನೋಡಿ ಅಪ್ಪಣೆ ಕೇಳುವ ನಾಯಿಗೆ ಮೊಲ ಸಿಗುವುದಿಲ್ಲ. ತಲೆಮಾರುಗಳಿಂದ ಜನ ಆರಿಸಿ ಬೆಳೆಸಿದ್ದು ಈ ಗುಣವನ್ನೇ. ಇಂದು ಅದನ್ನೇ 'ಮಾತು ಕೇಳಲ್ಲ' ಎಂದು ಬೈಯುತ್ತೇವೆ.

ದೇಹವೂ ಅದಕ್ಕೆ ತಕ್ಕಂತಿದೆ. ಆಳವಾದ ಎದೆಗೂಡು, ಒಳಸೇರಿದ ಹೊಟ್ಟೆ, ಬಿಲ್ಲಿನಂತೆ ಬಾಗುವ ಬೆನ್ನು. ಪೂರ್ಣ ವೇಗದಲ್ಲಿ ಪ್ರತಿ ನೆಗೆತಕ್ಕೆ ಎರಡು ಬಾರಿ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಇಂಥ ಉದ್ದ ಮೂತಿಯ ನಾಯಿಗಳ ಅಕ್ಷಿಪಟಲದಲ್ಲಿ ನರಕೋಶಗಳು ಅಡ್ಡಪಟ್ಟಿಯಾಗಿ ದಟ್ಟೈಸಿರುವುದರಿಂದ ದಿಗಂತದಂಚಿನ ಸಣ್ಣ ಚಲನೆಯೂ ಕಣ್ಣಿಗೆ ಬೀಳುತ್ತದೆ. ನಮಗೆ ಖಾಲಿ ಮೈದಾನ ಕಂಡಲ್ಲಿ ಅದಕ್ಕೆ ದೂರದ ಬೆಕ್ಕಿನ ಬಾಲ ಕಂಡಿರುತ್ತದೆ.

ಕೊರಳಿಗಿಂತ ಸಣ್ಣ ತಲೆ

ತಪ್ಪಿಸಿಕೊಳ್ಳುವ ಪ್ರಕರಣಗಳೆಲ್ಲ ಗೇಟಿನಿಂದಲೇ ಆಗುವುದಿಲ್ಲ. ಎಷ್ಟೋ ಸಲ ಹಗ್ಗ ಯಜಮಾನರ ಕೈಯಲ್ಲೇ ಇರುತ್ತದೆ. ದೃಶ್ಯ ಹೀಗಿರುತ್ತದೆ: ಫುಟ್‌ಪಾತ್ ಪಕ್ಕ ಬೈಕೊಂದು ಫಟ್ಟೆಂದು ಸ್ಟಾರ್ಟ್ ಆಗುತ್ತದೆ. ನಾಯಿ ಮುಂದಕ್ಕೆ ಜಗ್ಗುವುದಿಲ್ಲ, ಹಿಂದಕ್ಕೆ ಸರಿಯುತ್ತದೆ. ಯಜಮಾನರು ಹಗ್ಗ ಎಳೆಯುತ್ತಾರೆ. ನಾಯಿ ಮುಂಗಾಲು ಊರಿ, ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಡಚುತ್ತದೆ. ಬೆಲ್ಟು ಕಿವಿಯ ಬುಡದಲ್ಲಿ ಕ್ಷಣ ಸಿಕ್ಕಿ ಹಣೆಯ ಮೇಲಿಂದ ಜಾರಿ ಬೀಳುತ್ತದೆ. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಖಾಲಿ ಬೆಲ್ಟು.

ಮುಧೋಳ, ಗ್ರೇಹೌಂಡ್‌ನಂಥ ನಾಯಿಗಳ ತಲೆ ಕುತ್ತಿಗೆಗಿಂತ ಅಗಲವಿಲ್ಲ. ಸಾಮಾನ್ಯ ಬೆಲ್ಟು ಜಾರದಂತೆ ಬಿಗಿದರೆ ಉಸಿರು ಕಟ್ಟುತ್ತದೆ, ಸಡಿಲಿಸಿದರೆ ಕಳಚುತ್ತದೆ. ಇದಕ್ಕೆಂದೇ ಮಾರ್ಟಿಂಗೇಲ್ ಎಂಬ ಪಟ್ಟಿ ಇದೆ. ಎಳೆದಾಗ ಮಾತ್ರ, ಅದೂ ಒಂದು ಮಿತಿಯವರೆಗೆ, ಕಿರಿದಾಗುತ್ತದೆ, ಬಿಟ್ಟಾಗ ಸಡಿಲವಾಗುತ್ತದೆ. ಎದೆ, ಭುಜಗಳಿಗೆ ಹಾಕುವ ಹಾರ್ನೆಸ್ ಇನ್ನೂ ಒಳ್ಳೆಯದು. ಆದರೆ ತೆಳು ಸೊಂಟದ ನಾಯಿ ಹಿಂದಕ್ಕೆ ಸರಿದು ಅದರಿಂದಲೂ ಹೊರಬರಬಲ್ಲದು. ಪಕ್ಕೆಲುಬಿನ ಹಿಂದೆ ಇನ್ನೊಂದು ಪಟ್ಟಿ ಇರುವ ಹಾರ್ನೆಸ್ ಆದರೆ ಆ ಭಯ ಕಡಿಮೆ. ಹಾರ್ನೆಸ್ ಮತ್ತು ಬೆಲ್ಟು ಎರಡಕ್ಕೂ ಸೇರಿಸಿ ಹಗ್ಗ ಹಾಕಿದರೆ ಒಂದು ಕಳಚಿದರೂ ಇನ್ನೊಂದು ಇರುತ್ತದೆ.

ಓಡಿಹೋಗುವುದರಲ್ಲೂ ಬಗೆಗಳಿವೆ

ಒಂದು ನಾಯಿ ಬೆಕ್ಕನ್ನೋ ಅಳಿಲನ್ನೋ ಕಂಡು ಓಡುತ್ತದೆ. ಇನ್ನೊಂದು ಪಟಾಕಿಗೆ ಬೆದರಿ ಓಡುತ್ತದೆ. ಮನುಷ್ಯರಿಗೆ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿಸಿದರೆ ನಾಯಿಗೆ 45,000ದವರೆಗೂ ಕೇಳಿಸುತ್ತದೆ. ದೀಪಾವಳಿಯ ವಾರದಲ್ಲಿ 'ನಾಯಿ ಕಾಣೆಯಾಗಿದೆ' ಎಂಬ ವಾಟ್ಸ್‌ಆ್ಯಪ್ ಸಂದೇಶಗಳು ಹರಿದಾಡುವುದು ಸುಮ್ಮನಲ್ಲ. ಮೂರನೆಯದು ಬೆದೆಗೆ ಬಂದ ಹೆಣ್ಣಿನ ವಾಸನೆ ಹಿಡಿದು ಹೋಗುವ ಗಂಡು. ನಾಲ್ಕನೆಯದಕ್ಕೆ ಬರೀ ಬೇಸರ.

ಮದ್ದು ಎಲ್ಲಕ್ಕೂ ಒಂದೇ ಅಲ್ಲ. ಗಂಡಿನ ಅಲೆದಾಟ ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಬಹುಮಟ್ಟಿಗೆ ತಗ್ಗುತ್ತದೆ. ಬೇಟೆಯ ಓಟ ತಗ್ಗುವುದಿಲ್ಲ. ಬೇಸರದ ನಾಯಿಗೆ ದಿನವೂ ದಣಿಯುವಷ್ಟು ಕೆಲಸ ಬೇಕು. ಬೆದರುವ ನಾಯಿಯನ್ನು ಹಬ್ಬದ ದಿನಗಳಲ್ಲಿ ಬಯಲಿಗೆ ಕರೆದೊಯ್ಯಲೇಬಾರದು. ಹಗ್ಗ ಬಿಚ್ಚುವ ತರಬೇತಿ ಶುರುಮಾಡುವ ಮುನ್ನ ನಮ್ಮ ನಾಯಿ ಯಾವ ಕಾರಣಕ್ಕೆ ಓಡುತ್ತದೆ ಎಂಬುದನ್ನು ಗಮನಿಸಿಕೊಳ್ಳಬೇಕು.

ಕರೆದಾಗ ಯಾಕೆ ಬರಬೇಕು?

ನಾಯಿಯ ದೃಷ್ಟಿಯಿಂದ ನೋಡಿ. ಬಯಲಿನಲ್ಲಿ ಖುಷಿಯಾಗಿ ಮೂಸುತ್ತಿದೆ. ಯಜಮಾನರು ಕರೆಯುತ್ತಾರೆ. ಹೋದರೆ ಕೊರಳಿಗೆ ಹಗ್ಗ, ನೆಟ್ಟಗೆ ಮನೆಗೆ. ಮರುದಿನವೂ ಅದೇ. ಇನ್ನೊಂದು ದಿನ ತಡವಾಗಿ ಬಂದಿದ್ದಕ್ಕೆ ಏಟು. ಕರೆದಾಗ ಹೋಗುವುದು ನಷ್ಟದ ಬಾಬತ್ತು ಎಂದು ತೀರ್ಮಾನಿಸಲು ನಾಯಿಗೆ ಹೆಚ್ಚು ದಿನ ಬೇಡ.

ತರಬೇತುದಾರರು ಈ ಲೆಕ್ಕವನ್ನೇ ತಿರುಗಿಸುತ್ತಾರೆ. ಇಡೀ ದಿನ ಮನೆಮಂದಿಯೆಲ್ಲ ಬಳಸುವ 'ಬಾ'ಗಿಂತ ಪೀಪಿಯ ಸದ್ದು ವಾಸಿ. ಅದರಲ್ಲಿ ಸಿಟ್ಟು, ಗಾಬರಿ ಕೇಳಿಸುವುದಿಲ್ಲ. ಮೊದಲು ಮನೆಯೊಳಗೆ: ಪೀಪಿ ಊದಿ, ಬೇಯಿಸಿದ ಕೋಳಿ ಅಥವಾ ಪನ್ನೀರಿನ ತುಂಡು ಕೊಡಿ. ಬಿಸ್ಕತ್ತು ದಿನವೂ ಸಿಗುವಂಥದ್ದು. ಈ ತಿನಿಸು ಪೀಪಿಗೆ ಮಾತ್ರ ಮೀಸಲು. ಆಮೇಲೆ ಕಾಂಪೌಂಡು, ಆಮೇಲೆ ತಾರಸಿ, ಆಮೇಲೆ ಜನವಿಲ್ಲದ ಮೈದಾನ. ಮುಖ್ಯ ಗುಟ್ಟೆಂದರೆ, ಬಂದ ನಾಯಿಗೆ ತಿನಿಸು ಕೊಟ್ಟು ಬಹುಪಾಲು ಸಲ ಮತ್ತೆ ಬಿಟ್ಟುಬಿಡಬೇಕು. ಪ್ರಾಣಿ ತಾನಾಗಿ ಮಾಡಲು ಹಂಬಲಿಸುವ ಕೆಲಸವನ್ನೇ ಇನ್ನೊಂದು ಕೆಲಸಕ್ಕೆ ಬಹುಮಾನವಾಗಿ ಬಳಸಬಹುದು ಎಂದು ಮನಶ್ಶಾಸ್ತ್ರಜ್ಞ ಡೇವಿಡ್ ಪ್ರಿಮ್ಯಾಕ್ 1959ರಲ್ಲೇ ತೋರಿಸಿದ್ದರು. ಓಡಲು ಹುಟ್ಟಿದ ನಾಯಿಗೆ ಮತ್ತೆ ಓಡುವ ಅವಕಾಶಕ್ಕಿಂತ ದೊಡ್ಡ ಬಹುಮಾನ ಯಾವುದಿದೆ?

ಮೈದಾನದ ಹಂತದಲ್ಲಿ ಉದ್ದ ಹಗ್ಗ ಬೇಕು. ಹತ್ತು ಮೀಟರಿನದು ಸಾಮಾನ್ಯ. ಇದನ್ನು ಹಾರ್ನೆಸ್‌ಗೇ ಕಟ್ಟಬೇಕು, ಬೆಲ್ಟಿಗೆ ಎಂದೂ ಅಲ್ಲ. ಇಪ್ಪತ್ತು ಕಿಲೋ ಮೀರಿದ ನಾಯಿ ಹತ್ತು ಮೀಟರಿನಲ್ಲೇ ಸಾಕಷ್ಟು ವೇಗ ಹಿಡಿದಿರುತ್ತದೆ; ಹಗ್ಗ ಮುಗಿದ ಕ್ಷಣ ಆ ಜಗ್ಗು ಕುತ್ತಿಗೆಗೆ ಬಿದ್ದರೆ ಅಪಾಯ. ಹಗ್ಗವನ್ನು ಕೈಗೆ ಸುತ್ತಿಕೊಂಡರೆ ಅಪಾಯ ನಿಮಗೆ. ಕೈಗವಸು ಹಾಕಿಕೊಳ್ಳಿ, ಹಗ್ಗ ನೆಲದಲ್ಲಿ ಎಳೆದಾಡಲಿ, ಬೇಕಾದಾಗ ಕಾಲಿನಿಂದ ಮೆಟ್ಟಿ ಹಿಡಿಯಿರಿ. ಗುಂಡಿ ಒತ್ತಿದರೆ ಸುತ್ತಿಕೊಳ್ಳುವ ಡಬ್ಬಿಯ ಹಗ್ಗ ಈ ಕೆಲಸಕ್ಕೆ ಬಾರದು; ಕೈಜಾರಿದರೆ ಡಬ್ಬಿ ಟಕಟಕನೆ ಬೆನ್ನಟ್ಟಿಬಂದು ನಾಯಿಯನ್ನು ಇನ್ನಷ್ಟು ಓಡಿಸುತ್ತದೆ.

ಇಷ್ಟೆಲ್ಲ ಕಲಿತ ಮೇಲೂ ಒಂದು ಮಾತು ಉಳಿಯುತ್ತದೆ. ಬೇಟೆ ಕಂಡು ಓಟ ಶುರುವಾದ ಮೇಲೆ ಪೀಪಿ ಕೇಳಿ ತಿರುಗುವ ಮುಧೋಳಗಳು ವಿರಳ. ಬ್ರಿಟನ್ನಿನಲ್ಲಿ ರೇಸಿನಿಂದ ನಿವೃತ್ತಿಯಾದ ಗ್ರೇಹೌಂಡ್‌ಗಳನ್ನು ದತ್ತು ಕೊಡುವ ಸಂಸ್ಥೆಗಳು ಬೇಲಿಯಿಲ್ಲದ ಕಡೆ ಹಗ್ಗ ಬಿಚ್ಚಬೇಡಿ ಎಂದು ಹೇಳಿಯೇ ಕಳಿಸುತ್ತವೆ. ಅಲ್ಲಿ ಆರಡಿ ಬೇಲಿ ಹಾಕಿದ ಹೊಲಗಳನ್ನು ಅರ್ಧ ಗಂಟೆ, ಒಂದು ಗಂಟೆಗೆ ನಾಯಿಗಳಿಗೆಂದೇ ಬಾಡಿಗೆಗೆ ಕೊಡುತ್ತಾರೆ. ತರಬೇತಿ ಅಪಾಯ ತಗ್ಗಿಸುತ್ತದೆ, ಬೇಲಿಯೇ ಅದನ್ನು ತಡೆಯುವುದು.

ಬೇಲಿ ಎಂಥದು, ಬಯಲು ಎಂಥದು

ಅರ್ಧ ಎಕರೆ, ಅಂದರೆ 20 ಗುಂಟೆ ಚೌಕದ ಒಂದು ಬದಿ 45 ಮೀಟರ್. ಮುಧೋಳಕ್ಕೆ ವೇಗವಾಗಿ ಸುತ್ತು ಹೊಡೆಯಲು ಇಷ್ಟು ಸಾಕು. ಜಾಲರಿ ಬೇಲಿ ಆರಡಿ ಎತ್ತರವಿರಲಿ. ಕೆರೆದು ನುಸುಳುವ ನಾಯಿಯಿದ್ದರೆ ಜಾಲರಿಯ ಬುಡವನ್ನು ಒಳಮುಖವಾಗಿ ಮಡಚಿ ಮಣ್ಣು ಮುಚ್ಚಬೇಕು. ಪ್ರವೇಶಕ್ಕೆ ಎರಡು ಗೇಟು: ಒಂದು ಮುಚ್ಚಿದ ಮೇಲೇ ಇನ್ನೊಂದು ತೆರೆಯುವುದು. ಮುಳ್ಳುತಂತಿ ಬೇಡವೇ ಬೇಡ. ಈ ನಾಯಿಗಳ ಚರ್ಮ ತೆಳು, ಕೆಳಗೆ ಕೊಬ್ಬು ಕಡಿಮೆ. ವೇಗದಲ್ಲಿ ತಂತಿ ಕಾಣದೆ ನುಗ್ಗಿದರೆ ಎದೆಯಿಂದ ತೊಡೆಯವರೆಗೆ ಸೀಳಬಹುದು.

ಊರ ಕಡೆ ತೋಟಕ್ಕೆ ಕರೆದೊಯ್ದು ಬಿಡುತ್ತೇವೆ ಎನ್ನುವವರು ನೆಲ ನೋಡಬೇಕು. ಕಟ್ಟೆಯಿಲ್ಲದ ಬಾವಿ, ಹಂದಿಗೆಂದು ಹಾಕಿದ ಉರುಲು, ವಿದ್ಯುತ್ ಬೇಲಿ, ಇಲಿಪಾಷಾಣ, ಪಕ್ಕದ ಹೊಲದ ಕುರಿಮಂದೆ, ಇವೆಲ್ಲ ಹಳ್ಳಿಯ ಬಯಲಿನಲ್ಲಿ ಇರುವಂಥವೇ. ಕಾಡಂಚಾದರೆ ಕಾನೂನೂ ಬರುತ್ತದೆ. ನಾಯಿ ಬಿಟ್ಟು ಮೊಲ ಹಿಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಯೇ. ಮುಧೋಳದ ಮಗ್ಗುಲಲ್ಲೇ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವಿದೆ. ಬೇಟೆನಾಯಿಯ ತವರಿನಲ್ಲೇ ಇಂದು ಅದು ಅಟ್ಟಬಾರದ ಪ್ರಾಣಿಗಳಿವೆ.

ಹೊತ್ತೂ ಮುಖ್ಯ. ಬೇಸಗೆಯಲ್ಲಿ ಬಿಸಿಲೇರುವ ಮೊದಲೇ ಓಟ ಮುಗಿಯಲಿ. ಊಟವಾದ ಕೂಡಲೇ ಓಡಿಸಬೇಡಿ. ಆಳವಾದ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ಮಗುಚಿಕೊಳ್ಳುವ, ಗಂಟೆಗಳಲ್ಲಿ ಜೀವ ತೆಗೆಯುವ ಕಾಯಿಲೆಯ ಅಪಾಯ ಹೆಚ್ಚು. ರೇಬಿಸ್ ಲಸಿಕೆ, ಉಣ್ಣೆಯ ಔಷಧ ಆಗಿರಲೇಬೇಕು.

ತಪ್ಪಿಸಿಕೊಂಡೇಬಿಟ್ಟರೆ

ಬೆನ್ನಟ್ಟಬೇಡಿ. ಗೆಲ್ಲುವ ಮಾತೇ ಇಲ್ಲ, ಜೊತೆಗೆ ನಾಯಿಗೆ ಅದು ಆಟ ಅಥವಾ ಭಯ. ಕಣ್ಣಳತೆಯಲ್ಲಿದ್ದರೆ ಹೆಸರು ಕೂಗಿ ಎದುರು ದಿಕ್ಕಿಗೆ ಓಡಿ, ಇಲ್ಲವೇ ಕುಕ್ಕರಗಾಲಲ್ಲಿ ಕೂತು ನೆಲ ಕೆದಕಿ. ಕುತೂಹಲಕ್ಕೆ ಬರುವ ಸಾಧ್ಯತೆ ಹೆಚ್ಚು. ಕಣ್ಮರೆಯಾಗಿದ್ದರೆ ಜಾರಿದ ಜಾಗದಲ್ಲೇ ಒಬ್ಬರು ನಿಲ್ಲಬೇಕು. ನೀವು ಉಟ್ಟ ಬಟ್ಟೆಯೊಂದನ್ನು ಅಲ್ಲಿ ಬಿಡಿ. ಹಾಲಿನ ಬೂತು, ಆಟೋ ಸ್ಟ್ಯಾಂಡು, ಮುಂಜಾವಿನ ಪೌರಕಾರ್ಮಿಕರಿಗೆ ತಿಳಿಸಿ, ಆದರೆ ಹಿಡಿಯಲು ಹೋಗಬೇಡಿ ಎಂದೂ ಹೇಳಿ. ಅಪರಿಚಿತರು ಮುಟ್ಟುವುದು ಮುಧೋಳಕ್ಕೆ ಆಗದು; ಕಂಡರೆ ಫೋನು ಮಾಡಿದರೆ ಸಾಕು.

ಬೆಲ್ಟಿನ ಮೇಲೆ ಫೋನ್ ನಂಬರು ಇರಲಿ. ಮೈಕ್ರೊಚಿಪ್‌ನಲ್ಲಿರುವುದು 15 ಅಂಕಿಯ ಗುರುತು ಸಂಖ್ಯೆ ಮಾತ್ರ. ಸ್ಕ್ಯಾನರ್ ಹಿಡಿದರೆ ಕಾಣುತ್ತದೆ, ನಾಯಿ ಎಲ್ಲಿದೆ ಎಂದು ಅದು ಹೇಳದು. ಸಿಮ್ ಇರುವ ಜಿಪಿಎಸ್ ಸಾಧನ ಹೇಳುತ್ತದೆ, ನೆಟ್‌ವರ್ಕ್ ಇದ್ದರೆ. ಏರ್‌ಟ್ಯಾಗ್‌ಗೆ ಸುತ್ತಮುತ್ತ ಐಫೋನ್‌ಗಳು ಬೇಕು. ಜೋಳದ ಹೊಲದಲ್ಲಿ ಅದನ್ನು ನಂಬಿ ಕೂರುವಂತಿಲ್ಲ.

ಕಾನೂನಿನ ಎರಡು ಬಾಯಿ

ಸಾಕುಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಇದು ಹಲವರಿಗೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು: 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದ ಮಾಲೀಕನನ್ನೂ ಅಪರಾಧಿ ಎನ್ನುತ್ತದೆ. ಬಿಟ್ಟರೂ ತಪ್ಪು, ಬಿಡದಿದ್ದರೂ ತಪ್ಪು ಎಂದು ಗೊಣಗುವಂತಿಲ್ಲ. ಎರಡು ಕಾನೂನೂ ಸೇರಿ ಹೇಳುತ್ತಿರುವುದು, ಓಡಿಸಿ, ಆದರೆ ಹತೋಟಿಯಲ್ಲಿ ಓಡಿಸಿ ಎಂದು.

ಆದರೆ ನಗರದಲ್ಲಿ ಅದಕ್ಕೆ ಜಾಗವೆಲ್ಲಿ? ಲಾಲ್‌ಬಾಗ್‌ಗೆ ಸಾಕುನಾಯಿಗೆ ಪ್ರವೇಶವಿಲ್ಲ. ಹಗ್ಗವಿಲ್ಲದ ನಾಯಿಗಳು, ಎತ್ತದ ಮಲದ ಬಗ್ಗೆ ದೂರು ಹೆಚ್ಚಿ 2022ರಲ್ಲಿ ಕಬ್ಬನ್ ಪಾರ್ಕಿನಲ್ಲೂ ನಿಷೇಧದ ಮಾತು ಕೇಳಿಬಂದಿತ್ತು. ಹೊರವಲಯದ ಖಾಸಗಿ ಪೆಟ್ ಪಾರ್ಕುಗಳಿಗೆ ಹೋಗಿಬರಲು ಕಾರು ಬೇಕು, ದುಡ್ಡು ಬೇಕು, ಅರ್ಧ ದಿನ ಬೇಕು. ಹೈದರಾಬಾದಿನ ಪಾಲಿಕೆ 2018ರಲ್ಲೇ ಕೊಂಡಾಪುರದಲ್ಲಿ ನಾಯಿಗಳಿಗೆಂದು ಉದ್ಯಾನ ಮಾಡಿತು. ನಮ್ಮ ವಾರ್ಡುಗಳಲ್ಲೂ ಕಳೆ ಬೆಳೆದು, ಕಸ ಸುರಿಯುವ ತಾಣವಾಗಿರುವ ಸಿಎ (ನಾಗರಿಕ ಸೌಲಭ್ಯ) ಸೈಟುಗಳಿಗೆ ಬರವಿಲ್ಲ. ಅಂಥದೊಂದಕ್ಕೆ ಆರಡಿ ಜಾಲರಿ, ಎರಡು ಗೇಟು, ಒಂದು ನಲ್ಲಿ ಹಾಕಿಸುವುದು ಪಾಲಿಕೆಗೆ ಭಾರದ ಖರ್ಚಲ್ಲ. ವಾಕಿಂಗ್ ಬರುವ ಹಿರಿಯರಿಗೆ, ಆಡುವ ಮಕ್ಕಳಿಗೆ ನಾಯಿಯ ಭಯ ತಪ್ಪುತ್ತದೆ. ಅಲ್ಲಿಯವರೆಗೆ ಬೇಲಿಯಿಲ್ಲದ ಬಯಲಿನಲ್ಲಿ ಕೊಂಡಿಗೆ ಕೈ ಹಾಕುವವರು, ನಾಯಿ ಬರದೇ ಹೋದರೆ ಮುಂದೇನು ಎಂಬುದಕ್ಕೆ ಮೊದಲೇ ಉತ್ತರ ಸಿದ್ಧ ಇಟ್ಟುಕೊಂಡಿರಬೇಕು. ಉತ್ತರ ಇಲ್ಲದಿದ್ದರೆ ಹಗ್ಗ ಇರಲಿ.