ಕೋಲಾರ ಚಿನ್ನದ ಗಣಿ: ಏಳುಬೀಳು ಮತ್ತು ಜನಸ್ಮೃತಿ

ಕೋಲಾರ ಚಿನ್ನದ ಗಣಿಯ ಆಧುನಿಕ ಚರಿತ್ರೆ ಆರಂಭವಾಗುವುದು ಜನರ ಬಾಯಿಮಾತಿನಿಂದ ಎಂಬುದು ಗಮನಾರ್ಹ. 1802ರಲ್ಲಿ ಭೂಮಾಪನಕ್ಕೆ ಬಂದ ಜಾನ್ ವಾರೆನ್, ಮಣ್ಣು ತೊಳೆದು ಚಿನ್ನ ತೆಗೆಯುವ ಹಳ್ಳಿಗರ ಸುದ್ದಿ ಕೇಳಿ ಅದನ್ನು ಪರೀಕ್ಷಿಸಿದನು. 1871ರ ನಂತರ ಮೈಕೇಲ್ ಲೆವೆಲ್ಲೆ ಶೋಧಕ್ಕೆ ಮುಂದಾದನು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಗಣಿ ನೆಲೆಗೊಂಡಿತು.

ತಮಿಳು ಮತ್ತು ತೆಲುಗು ಸೀಮೆಗಳಿಂದ ಬಂದ ಕೂಲಿಕಾರರಲ್ಲಿ ಬಹುಪಾಲು ದಲಿತರು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಾರರೂ ಬಂದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಹರಿಯಿತು. ಬೆಂಗಳೂರಿಗೆ ದೀಪ ಬಂದುದು 1905ರಲ್ಲಿ. ಆದರೆ ಬೆಳಕು ಎಲ್ಲರಿಗೂ ಸಮನಾಗಿರಲಿಲ್ಲ. ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು. ಕಾರ್ಮಿಕರಿಗೆ 'ಲೈನು'ಗಳೆಂಬ ಇಕ್ಕಟ್ಟಾದ ಮನೆಸಾಲು. 1930ರಲ್ಲಿ ಬೆರಳಚ್ಚು ನೋಂದಣಿಯನ್ನು ವಿರೋಧಿಸಿ ಕಾರ್ಮಿಕರು ಹೂಡಿದ ಮುಷ್ಕರ ಈ ಅಸಮಾನತೆಗೆ ಅವರು ನೀಡಿದ ಉತ್ತರವೂ ಆಗಿದ್ದಿತು.

ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಆಳ ಹೆಚ್ಚಿದಂತೆ ತಾಪವೂ ಬಂಡೆಸಿಡಿತದ ಭಯವೂ ಹೆಚ್ಚಿದವು. ಅದಿರಿನಲ್ಲಿ ಚಿನ್ನದ ಅಂಶ ಕುಗ್ಗಿತು, ವೆಚ್ಚ ಏರಿತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ಗಣಿಯನ್ನು ವಹಿಸಿಕೊಂಡವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ರೂಪುಗೊಂಡಿತು. ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ 2001ರಲ್ಲಿ ಮುಚ್ಚಿತು.

ಇದನ್ನು ಪಾಳುಬಿದ್ದ ಪಟ್ಟಣವೆಂದು ಬಣ್ಣಿಸುವುದು ರೂಢಿ. ವಾಸ್ತವವಾಗಿ ಪಾಳುಬಿದ್ದುದು ಗಣಿ. ಜನ ಅಲ್ಲಿಯೇ ಉಳಿದರು. ಅನೇಕರು ದುಡಿಮೆಗಾಗಿ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರತೊಡಗಿದರು. ಸಯನೈಡ್ ಮಿಶ್ರಿತ ಮಣ್ಣಿನ ದಿಬ್ಬಗಳ ಧೂಳು ಲೈನುಗಳ ಮೇಲೆ ಬೀಳುವುದು ನಿಲ್ಲಲಿಲ್ಲ.

ತೆಗೆದ ಚಿನ್ನದ ತೂಕ ಕಡತಗಳಲ್ಲಿ ದಾಖಲಾಗಿದೆ. ಶಾಫ್ಟಿಗೆ ಇಳಿಯುವವನ ಅಂಜಿಕೆ, ಪಾಳಿ ಮುಗಿಯುವವರೆಗೆ ಕಾದ ಹೆಂಗಸರ ಕಳವಳ, ಧೂಳು ಕುಡಿದ ಶ್ವಾಸಕೋಶದ ಸಂಕಟ ಇವುಗಳಿಗೆ ಅಂಥ ಕಡತವಿಲ್ಲ. ಅವುಗಳ ನೆಲೆ ಜನರ ನಾಲಿಗೆ. ಭೂಗರ್ಭದಲ್ಲಿ ದುಡಿದ ಕೊನೆಯ ತಲೆಮಾರು ಈಗ ಮುಪ್ಪಿನಲ್ಲಿದೆ. ತಮಿಳು, ತೆಲುಗು, ಕನ್ನಡ ಬೆರೆತ ಅವರ ನೆನಪುಗಳು ಯಾವ ಒಂದು ಭಾಷೆಯ ಜಾನಪದದ ಎಲ್ಲೆಗೂ ಸುಲಭವಾಗಿ ಒಗ್ಗುವುದಿಲ್ಲ. ಆ ಕಾರಣಕ್ಕೇ ಅವು ಸಂಗ್ರಹಕಾರರ ಕಣ್ತಪ್ಪುವ ಅಪಾಯವಿದೆ. ಜನರ ಮಾತಿನಿಂದ ತೆರೆದುಕೊಂಡ ಗಣಿಯ ಚರಿತ್ರೆ ಆ ಜನರ ಮಾತಿಲ್ಲದೆ ಪೂರ್ಣವಾಗದು.