ಅರಬ್ಬೀ ಲಿಪಿಯೂ ಅಚ್ಚಿನ ಮೊಳೆಯೂ

ಒಂದು ಭಾಷೆಯ ಹಿರಿಮೆಯನ್ನು ಕುರಿತು ವಿಚಾರ ಮಾಡುವಾಗ ನಾವು ಅದರ ಶಬ್ದಸಂಪತ್ತನ್ನೂ ವ್ಯಾಕರಣವನ್ನೂ ಸಾಹಿತ್ಯವನ್ನೂ ಗಮನಿಸುತ್ತೇವೆಯೇ ಹೊರತು, ಆ ಸಾಹಿತ್ಯವು ಕಾಗದದ ಮೇಲೆ ಯಾವ ಆಕಾರದಲ್ಲಿ ನಿಲ್ಲುತ್ತದೆಂಬುದನ್ನು ಗಮನಿಸುವುದು ವಿರಳ. ಅಕ್ಷರದ ಆಕಾರ ಹೊರಗಿನ ಉಡುಪು ಮಾತ್ರ. ಅರ್ಥವು ಕೆಡದಿದ್ದರೆ ಸಾಕು ಎಂಬುದು ಹಲವರ ಭಾವನೆ. ಈ ಭಾವನೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ತಿಳಿಯಲು ಅರಬ್ಬೀ ಲಿಪಿಯ ಮುದ್ರಣದ ಇತಿಹಾಸಕ್ಕಿಂತ ಉತ್ತಮವಾದ ನಿದರ್ಶನ ದೊರೆಯಲಾರದು. ಯಂತ್ರಕ್ಕೆ ಅಕ್ಷರವು ಬಾಗಬೇಕೋ, ಅಕ್ಷರಕ್ಕೆ ಯಂತ್ರವು ಬಾಗಬೇಕೋ ಎಂಬ ಪ್ರಶ್ನೆ ಅಲ್ಲಿ ಐದು ಶತಮಾನಗಳ ಕಾಲ ಜೀವಂತವಾಗಿತ್ತು.

ಮೊದಲು ಆ ಲಿಪಿಯ ಸ್ವಭಾವವನ್ನು ಅರಿಯೋಣ. ಅರಬ್ಬಿಯಲ್ಲಿ ೨೮ ಅಕ್ಷರಗಳು. ಬರವಣಿಗೆ ಬಲದಿಂದ ಎಡಕ್ಕೆ ಸಾಗುತ್ತದೆ. ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲದೆ ಒಂದರ ಕೈಯನ್ನು ಇನ್ನೊಂದು ಹಿಡಿದು ನಡೆಯುತ್ತವೆ. ಈ ಕಾರಣದಿಂದ ೨೨ ಅಕ್ಷರಗಳಿಗೆ ಪದದ ಆದಿಯಲ್ಲಿ ಒಂದು, ಮಧ್ಯದಲ್ಲಿ ಒಂದು, ಅಂತ್ಯದಲ್ಲಿ ಒಂದು, ಒಂಟಿಯಾಗಿದ್ದಾಗ ಒಂದು—ಹೀಗೆ ನಾಲ್ಕು ರೂಪಗಳು. ಉಳಿದ ಆರು ಅಕ್ಷರಗಳು ಮುಂದಿನ ಅಕ್ಷರದೊಡನೆ ಕೂಡಿಕೊಳ್ಳವಾದ್ದರಿಂದ ಅವುಗಳಿಗೆ ಎರಡೆರಡೇ ರೂಪ. ಇಷ್ಟಕ್ಕೇ ನೂರು ಆಕಾರಗಳಾದುವು. ಒಂದರ ಮೇಲೊಂದು ಏರಿ ಕೂಡುವ ಸಂಯುಕ್ತ ರೂಪಗಳನ್ನೂ ಸ್ವರಚಿಹ್ನೆಗಳನ್ನೂ ಸೇರಿಸಿದರೆ ಸಂಖ್ಯೆ ಹಲವು ನೂರನ್ನು ಮುಟ್ಟುತ್ತದೆ.

ಈ ಲಿಪಿಗೆ ಶಾಸ್ತ್ರದ ಕಟ್ಟನ್ನು ಒದಗಿಸಿದವರಲ್ಲಿ ಬಾಗ್ದಾದಿನ ಇಬ್ನ್ ಮುಕ್ಲಾ ಅಗ್ರಗಣ್ಯ. ಮೂವರು ಅಬ್ಬಾಸೀ ಖಲೀಫರಿಗೆ ವಜೀರನಾಗಿದ್ದ ಈತ ಕೊನೆಗೆ ರಾಜಕೀಯದ ಸುಳಿಗೆ ಸಿಲುಕಿ ಬಲಗೈಯನ್ನು ಕಳೆದುಕೊಂಡು, ೯೪೦ರಲ್ಲಿ ಸೆರೆಯಲ್ಲಿ ತೀರಿಕೊಂಡನು. ಜೊಂಡಿನ ಲೇಖನಿಯ ತುದಿಯನ್ನು ಕಾಗದಕ್ಕೆ ಒತ್ತಿದಾಗ ಮೂಡುವ ಚೌಕ ಚುಕ್ಕೆಯೇ ಅವನ ಅಳತೆಗೋಲು. ಅಲಿಫ್ ಎಷ್ಟು ಚುಕ್ಕೆಗಳ ಎತ್ತರವಿರಬೇಕು, ಆ ಅಲಿಫನ್ನೇ ವ್ಯಾಸವಾಗುಳ್ಳ ವೃತ್ತದೊಳಗೆ ಉಳಿದ ಅಕ್ಷರಗಳ ಬಾಗುಗಳು ಹೇಗೆ ಅಡಗಬೇಕು ಎಂಬ ಪ್ರಮಾಣವನ್ನು ಅವನು ಗೊತ್ತುಮಾಡಿದನೆಂದು ಪರಂಪರೆ ಹೇಳುತ್ತದೆ. ಧರ್ಮಗ್ರಂಥವನ್ನು ಹೊತ್ತ ಲಿಪಿಯಾದ್ದರಿಂದ ಅದನ್ನು ಚೆನ್ನಾಗಿ ಬರೆಯುವುದೇ ಒಂದು ಸಾಧನೆಯೆನಿಸಿತು. ಲೇಖನಿಗೆ ಅರಬ್ಬಿಯಲ್ಲಿ ‘ಕಲಮ್’ ಎಂದು ಹೆಸರು. ನಮ್ಮ ಕಾನೂನಿನ ಭಾಷೆಯಲ್ಲಿ ಬಳಕೆಯಾಗುವ ‘ಕಲಂ’ ಆ ಶಬ್ದದ ಸಂತತಿಯೇ.

ಇಂತಹ ಲಿಪಿಯನ್ನು ಮೊದಲು ಮೊಳೆಗಳಲ್ಲಿ ಎರಕ ಹೊಯ್ದವರು ಅರಬರಲ್ಲ, ಯುರೋಪಿಯನ್ನರು. ೧೫೧೪ರಲ್ಲಿ ಇಟಲಿಯ ಫಾನೋ ಪಟ್ಟಣದ ಹೆಸರಿನಲ್ಲಿ ಕ್ರೈಸ್ತರ ಪ್ರಾರ್ಥನಾಗ್ರಂಥವೊಂದು ಅರಬ್ಬೀ ಅಕ್ಷರಗಳಲ್ಲಿ ಅಚ್ಚಾಯಿತು. ೧೫೩೭-೩೮ರ ಸುಮಾರಿನಲ್ಲಿ ವೆನಿಸ್ಸಿನ ಪಗನೀನಿ ಮನೆತನದವರು ಕುರಾನನ್ನೇ ಅಚ್ಚುಮಾಡಿದರು. ಅದರ ಪ್ರತಿಯೊಂದು ವೆನಿಸ್ಸಿನ ಮಠವೊಂದರ ಗ್ರಂಥಭಂಡಾರದಲ್ಲಿ ದೊರೆತ ಸಂಗತಿ ೧೯೮೭ರಲ್ಲಿ ಪ್ರಕಟವಾದಾಗ, ಅದು ಏಕೆ ಸಲ್ಲದೆ ಹೋಯಿತೆಂಬುದೂ ಸ್ಪಷ್ಟವಾಯಿತು. ಚುಕ್ಕೆಯೊಂದರಿಂದಲೇ ಬೇರೆಯಾಗುವ ಅಕ್ಷರಗಳು ಅಲ್ಲಿ ಗೊಂದಲಗೊಂಡಿವೆ, ಸ್ವರಚಿಹ್ನೆಗಳು ತಪ್ಪಾಗಿವೆ. ಒಂದೊಂದು ಅಕ್ಷರವನ್ನೂ ಪವಿತ್ರವೆಂದು ಭಾವಿಸುವ ಓದುಗನಿಗೆ ಇಂತಹ ಪುಸ್ತಕವನ್ನು ಮಾರಲು ಸಾಧ್ಯವೆ? ಶತಮಾನದ ಕೊನೆಯಲ್ಲಿ ರೋಮಿನ ಮೆದಿಚಿ ಮುದ್ರಣಾಲಯವು ಫ್ರೆಂಚ್ ಕುಶಲಕರ್ಮಿ ರೊಬೇರ್ ಗ್ರಾನ್ಝೋ ಕೆತ್ತಿದ ಸುಂದರವಾದ ಮೊಳೆಗಳಿಂದ ೧೫೯೧ರಲ್ಲಿ ಸುವಾರ್ತೆಗಳನ್ನೂ ೧೫೯೩ರಲ್ಲಿ ಇಬ್ನ್ ಸೀನಾನ ವೈದ್ಯಗ್ರಂಥವನ್ನೂ ಹೊರತಂದಿತು.

ಮುಸ್ಲಿಂ ರಾಜ್ಯಗಳಲ್ಲಿ ಮುದ್ರಣವು ತಡವಾಗಿ ನೆಲೆಯೂರಿದ್ದಕ್ಕೆ ಮತೀಯ ಹಟವೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಪ್ರತಿಲಿಪಿಕಾರರ ಜೀವನೋಪಾಯ, ಕೈಬರಹದ ಮೇಲಿನ ಗೌರವ, ಅಚ್ಚಿನ ವಿಕಾರರೂಪ ಇವೆಲ್ಲವೂ ಸೇರಿದ್ದುವು. ಇಸ್ತಾಂಬುಲಿನಲ್ಲಿ ಇಬ್ರಾಹಿಂ ಮುತೆಫರ್ರಿಕಾ ೧೭೨೭ರಲ್ಲಿ ಸುಲ್ತಾನನ ಅಪ್ಪಣೆ ಪಡೆದು ೧೭೨೯ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕ ಒಂದು ನಿಘಂಟು. ಧರ್ಮಗ್ರಂಥಗಳನ್ನು ಅಚ್ಚುಮಾಡಲು ಅವನಿಗೆ ಅನುಮತಿಯಿರಲಿಲ್ಲ. ೧೮೨೦ರಲ್ಲಿ ಮುಹಮ್ಮದ್ ಅಲಿಯು ಕೈರೋ ಬಳಿಯ ಬುಲಾಕಿನಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಅರಬ್ಬೀ ಅಚ್ಚು ತನ್ನ ಸ್ವಂತ ನೆಲದಲ್ಲಿ ಬೇರುಬಿಟ್ಟಿತು. ಲಿಪಿಕಾರರ ಬರಹದ ಮೇಲ್ಪಂಕ್ತಿಯನ್ನು ಅನುಸರಿಸಿ ತಿದ್ದಿದ ಅಲ್ಲಿಯ ಮೊಳೆಗಳಿಂದಲೇ ೧೯೨೪ರಲ್ಲಿ ಈಜಿಪ್ಟಿನ ಪ್ರಸಿದ್ಧವಾದ ಕುರಾನ್ ಆವೃತ್ತಿ ಹೊರಬಂದಿತು.

ಈ ನಡುವೆ ಪೂರ್ವದೇಶಗಳಲ್ಲಿ ಕಲ್ಲಚ್ಚು ಬಹಳ ಜನಪ್ರಿಯವಾಯಿತು. ಲಿಪಿಕಾರನು ಬರೆದುದನ್ನೇ ಕಲ್ಲಿನ ಮೇಲಿಳಿಸಿ ಅಚ್ಚೊತ್ತುವ ಈ ವಿಧಾನದಲ್ಲಿ ಕೈಯ ಸೊಬಗು ನಷ್ಟವಾಗುತ್ತಿರಲಿಲ್ಲ. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನಲ್ಲಿಯೇ ಹೊರಟಿತೆಂಬುದನ್ನು ಇಲ್ಲಿ ನೆನೆಯಬಹುದು. ಒತ್ತಕ್ಷರಗಳ ನಮ್ಮ ಲಿಪಿಗೂ ಮೊಳೆಯ ಸಾಲು ಇಕ್ಕಟ್ಟಾದ ಮನೆಯೇ ಆಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಒತ್ತಡ ಮತ್ತಷ್ಟು ಬಿಗಿಯಾಯಿತು. ಬೆರಳಚ್ಚು ಯಂತ್ರವೂ ಲೈನೋಟೈಪ್ ಯಂತ್ರವೂ ಲ್ಯಾಟಿನ್ ಅಕ್ಷರಗಳಿಗಾಗಿ ಹುಟ್ಟಿದಂಥವು. ಲೈನೋಟೈಪಿನ ಕೀಲಿಗಳು ತೊಂಬತ್ತೇ. ಅಷ್ಟರಲ್ಲಿ ಅರಬ್ಬಿಯ ನೂರಾರು ರೂಪಗಳನ್ನು ತುಂಬುವುದೆಂತು? ತುರ್ಕಿ ದೇಶವು ೧೯೨೮ರ ನವೆಂಬರಿನಲ್ಲಿ ಕಾನೂನಿನ ಮೂಲಕ ಅರಬ್ಬೀ ಲಿಪಿಯನ್ನೇ ತೊರೆದು ಲ್ಯಾಟಿನ್ ಅಕ್ಷರಗಳನ್ನು ಸ್ವೀಕರಿಸಿತು. ಸಾಕ್ಷರತೆಗೆ ಇದರಿಂದ ಅನುಕೂಲವಾಯಿತೆಂಬುದು ಅದರ ಸಮರ್ಥಕರ ವಾದ. ಆದರೆ ಮುಂದಿನ ತಲೆಮಾರು ತನ್ನ ಅಜ್ಜನ ಪತ್ರವನ್ನಾಗಲಿ ಗೋರಿಯ ಮೇಲಣ ಬರಹವನ್ನಾಗಲಿ ಓದಲಾರದಂತಾಯಿತೆಂಬುದೂ ಅಷ್ಟೇ ಸತ್ಯ. ೧೯೪೦ರ ದಶಕದಲ್ಲಿ ಕೈರೋವಿನ ಭಾಷಾ ಪರಿಷತ್ತಿನ ಮುಂದೆಯೂ ಲ್ಯಾಟಿನ್ ಲಿಪಿಯ ಸಲಹೆ ಬಂದಿತು, ಅದು ಅಂಗೀಕೃತವಾಗಲಿಲ್ಲ. ಅರಬರು ಹಿಡಿದ ದಾರಿ ಸಂಕ್ಷೇಪದ್ದು. ೧೯೫೦ರ ದಶಕದಲ್ಲಿ ಬೈರೂತಿನ ‘ಅಲ್-ಹಯಾತ್’ ಪತ್ರಿಕೆಯ ಕಾಮಿಲ್ ಮುರುವ್ವಾ ಅವರ ಸಹಕಾರದಿಂದ ಲೈನೋಟೈಪ್ ಸಂಸ್ಥೆ ‘ಸರಳೀಕೃತ ಅರಬ್ಬಿ’ಯನ್ನು ರೂಪಿಸಿತು. ಆದಿ-ಮಧ್ಯಗಳಿಗೆ ಒಂದು, ಅಂತ್ಯ-ಒಂಟಿಗಳಿಗೆ ಒಂದು, ಹೀಗೆ ನಾಲ್ಕು ರೂಪಗಳು ಎರಡಾದುವು. ದಿನಪತ್ರಿಕೆ ವೇಗವಾಗಿ ಅಚ್ಚಾಯಿತು. ಸಾಲಿನ ಸಹಜವಾದ ಏರಿಳಿತ ಮಾತ್ರ ಮಾಯವಾಯಿತು.

ಲಿಪಿಯೊಂದು ಹಲವು ಭಾಷೆಗಳ ಮನೆಯಾದಾಗ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಪಾರ್ಸಿಯು ಅರಬ್ಬಿಯಲ್ಲಿಲ್ಲದ ನಾಲ್ಕು ಧ್ವನಿಗಳಿಗೆ ಅಕ್ಷರಗಳನ್ನು ಸೇರಿಸಿಕೊಂಡಿತು. ಉರ್ದು ತನ್ನ ಮೂರ್ಧನ್ಯಗಳಿಗೆ ಗುರುತುಗಳನ್ನು ಕಲ್ಪಿಸಿತು. ನಮ್ಮ ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನು ‘ಕಿತಾಬ್-ಎ-ನವರಸ’ವನ್ನು ದಖನಿಯಲ್ಲಿ ರಚಿಸಿದ್ದು ಈ ಲಿಪಿಯ ಆಶ್ರಯದಲ್ಲಿಯೇ. ಅವನ ಸಮಾಧಿಯಾದ ಇಬ್ರಾಹಿಂ ರೋಜಾದಲ್ಲಿ ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದ ಕಲ್ಲಿನ ಕಿಟಕಿಗಳಿವೆ. ಅಕ್ಷರಗಳ ಸಂದಿನಿಂದಲೇ ಬೆಳಕು ಒಳಗೆ ಬರುತ್ತದೆ.

ಉರ್ದುವಿಗೆ ಪ್ರಿಯವಾದ ನಸ್ತಾಲೀಕ್ ಶೈಲಿಯಲ್ಲಿ ಪದವು ಮೇಲಿನಿಂದ ಓರೆಯಾಗಿ ಇಳಿಯುತ್ತದೆ. ಇದನ್ನು ಮೊಳೆಯಲ್ಲಿ ಜೋಡಿಸುವುದು ದುಸ್ಸಾಧ್ಯವಾದ್ದರಿಂದ ಉರ್ದು ಪತ್ರಿಕೆಗಳನ್ನು ದಿನವೂ ಕಾತಿಬರು ಕೈಯಿಂದಲೇ ಬರೆಯುತ್ತಿದ್ದರು. ೧೯೨೭ರಲ್ಲಿ ಮದರಾಸಿನಲ್ಲಿ ಆರಂಭವಾದ ‘ಮುಸಲ್ಮಾನ್’ ಪತ್ರಿಕೆ ಇದಕ್ಕೆ ಹೆಸರಾದುದು. ೧೯೮೧ರಲ್ಲಿ ಪಾಕಿಸ್ತಾನದ ಮಿರ್ಜಾ ಅಹಮದ್ ಜಮೀಲ್ ಅವರು ಹದಿನೈದು ಸಾವಿರಕ್ಕೂ ಹೆಚ್ಚು ಸಂಯುಕ್ತ ರೂಪಗಳನ್ನು ಕೈಯಿಂದ ಬರೆದು ಗಣಕಯಂತ್ರಕ್ಕೆ ಒಪ್ಪಿಸಿದಾಗ ‘ನೂರಿ ನಸ್ತಾಲೀಕ್’ ಸಿದ್ಧವಾಯಿತು. ಆ ಜನ ಸುಲಭವಾದ ನಸ್ಖ್ ಮೊಳೆಗಳಿಗೆ ಒಗ್ಗಿಕೊಳ್ಳದೆ ದಶಕಗಳ ಕಾಲ ಕಾದರು. ಕೊನೆಗೆ ಬಾಗಿದ್ದು ಯಂತ್ರ.

ಇಂದು ಆ ಯಂತ್ರದ ಇಕ್ಕಟ್ಟು ಬಹುಮಟ್ಟಿಗೆ ನೀಗಿದೆ. ೧೯೯೧ರಲ್ಲಿ ಮೊದಲ ಆವೃತ್ತಿಯನ್ನು ಕಂಡ ಯೂನಿಕೋಡ್ ಪದ್ಧತಿಯಲ್ಲಿ ಸಂಕೇತವಿರುವುದು ಮೂಲತಃ ಅಕ್ಷರಕ್ಕೆ. ಅದರ ರೂಪವನ್ನು ಸ್ಥಾನಕ್ಕೆ ತಕ್ಕಂತೆ ಗಣಕಯಂತ್ರವೇ ಆರಿಸುತ್ತದೆ. ಈಜಿಪ್ಟಿನ ಖಾಲಿದ್ ಹುಸ್ನಿಯವರು ಬುಲಾಕಿನ ಹಳೆಯ ಮೊಳೆಗಳನ್ನು ಆಧರಿಸಿ ‘ಅಮೀರಿ’ ಎಂಬ ಅಕ್ಷರಮಾಲೆಯನ್ನು ರಚಿಸಿ ಎಲ್ಲರಿಗೂ ಉಚಿತವಾಗಿ ಒದಗಿಸಿದ್ದಾರೆ.

ಆದರೂ ಒಂದು ಹೊಸ ತೊಡಕುಂಟು. ಫಲಕಗಳಲ್ಲಿ, ಪುಸ್ತಕಗಳಲ್ಲಿ ಅರಬ್ಬಿಯೂ ಇಂಗ್ಲಿಷೂ ಅಕ್ಕಪಕ್ಕದಲ್ಲಿ ನಿಲ್ಲಬೇಕಾದಾಗ ಅರಬ್ಬಿಯ ಎತ್ತರವನ್ನು ಕತ್ತರಿಸಿ, ಬಾಗನ್ನು ನೇರಮಾಡಿ, ಲ್ಯಾಟಿನ್ನಿನ ಛಾಯೆಯಂತೆ ಮಾಡುವ ಚಪಲ ಬೆಳೆದಿದೆ. ೨೦೦೪ರಲ್ಲಿ ಲೆಬನಾನಿನ ಹುದಾ ಅಬಿ ಫಾರೆಸ್ ಅವರು ಆಂಸ್ಟರ್‌ಡ್ಯಾಮಿನಲ್ಲಿ ಸ್ಥಾಪಿಸಿದ ಖತ್ತ್ ಪ್ರತಿಷ್ಠಾನವು ಡಚ್ ಮತ್ತು ಅರಬ್ ವಿನ್ಯಾಸಕರನ್ನು ಜೊತೆಯಾಗಿ ಕೂರಿಸಿ, ಎರಡು ಲಿಪಿಗಳೂ ಹೊಂದಿಕೊಂಡು ನಿಲ್ಲುವ ಅಕ್ಷರಗಳನ್ನು ಮಾಡಿಸಿತು. ಬಣ್ಣದ ಗಾಢತೆಯಲ್ಲಿ, ಗೆರೆಯ ದಪ್ಪದಲ್ಲಿ ಸಾಮ್ಯವಿರಲಿ. ನಡಿಗೆ ಮಾತ್ರ ಅವರವರದೇ ಆಗಿರಲಿ ಎಂಬುದು ಬಲ್ಲವರ ಮತ.

ಎರಡು ಭಾಷೆಗಳು ಒಂದೇ ಪುಟದಲ್ಲಿ ಕೂಡಿ ಬಾಳುವುದು ಎರಡು ಜನಾಂಗಗಳು ಒಂದೇ ಊರಿನಲ್ಲಿ ಕೂಡಿ ಬಾಳುವಂತೆಯೇ. ಒಂದು ಇನ್ನೊಂದರ ನೆರಳಾದರೆ ಅದು ಸಾಮರಸ್ಯವೆನಿಸದು. ತನ್ನ ಲಿಪಿಯ ಸಹಜರೂಪವನ್ನು ಅರಿತವನಿಗೆ ಪರರ ಲಿಪಿಯಲ್ಲಿಯೂ ಅದೇ ಸಹಜತೆಯನ್ನು ಗೌರವಿಸುವುದು ಸುಲಭವಾಗುತ್ತದೆ. ಕನ್ನಡದ ಒತ್ತಕ್ಷರ ತುಂಡಾದ ಫಲಕವನ್ನು ಕಂಡು ನೊಂದುಕೊಳ್ಳುವ ಓದುಗರಿಗೆ ಅರಬ್ಬರ ಈ ಐದು ನೂರು ವರ್ಷಗಳ ಪರಿಶ್ರಮದ ಅರ್ಥ ಬೇರೆ ವಿವರಣೆಯಿಲ್ಲದೆಯೇ ತಿಳಿದೀತು.