ಕುಂಚವೂ ಬಂಡವಾಳವೇ: ಯೋಶಿತಾಕ ಅಮಾನೊ ಅವರ ವೃತ್ತಿಜೀವನ

ಯಂತ್ರ, ಕಟ್ಟಡ, ದಾಸ್ತಾನುಗಳ ಮೌಲ್ಯವನ್ನು ಆಸ್ತಿ-ಹೊಣೆ ಪಟ್ಟಿಯು ತೋರಿಸುತ್ತದೆ. ಆದರೆ ಕಲಾವಿದನೊಬ್ಬನ ರೇಖೆಗಳು ಉದ್ಯಮಕ್ಕೆ ತಂದುಕೊಡುವ ಮೌಲ್ಯವು ಅಷ್ಟು ಸುಲಭವಾಗಿ ಅಳತೆಗೆ ದೊರೆಯುವುದಿಲ್ಲ. ಜಪಾನಿನ ಚಿತ್ರಕಾರ ಯೋಶಿತಾಕ ಅಮಾನೊ ಅವರ ವೃತ್ತಿಜೀವನವು ಇದಕ್ಕೊಂದು ನಿದರ್ಶನ.

ಸಂಬಳದಿಂದ ಸ್ವತಂತ್ರ ವೃತ್ತಿಗೆ

1952ರಲ್ಲಿ ಶಿಜುಓಕದಲ್ಲಿ ಜನಿಸಿದ ಅಮಾನೊ, 1967ರಲ್ಲಿ ತಮ್ಮ 15ನೆಯ ವಯಸ್ಸಿನಲ್ಲಿ ಟೋಕಿಯೋದ ತತ್ಸುನೊಕೊ ಅನಿಮೇಷನ್ ಸಂಸ್ಥೆಯನ್ನು ಸೇರಿದರು. ‘ಗಚ್ಚಮನ್’ ಮೊದಲಾದ ಟಿ.ವಿ. ಸರಣಿಗಳ ಪಾತ್ರಗಳಿಗೆ ರೂಪ ನೀಡಿದರು. ಒಂದೇ ಪಾತ್ರವನ್ನು ಹಲವು ಕೈಗಳು ಸಾವಿರಾರು ಬಾರಿ ಬರೆಯಬೇಕಾದ ಆ ಉದ್ಯಮದಲ್ಲಿ ಸರಳ ರೇಖೆಯೇ ನಿಯಮ. 1982ರಲ್ಲಿ ಅವರು ನಿಶ್ಚಿತ ಸಂಬಳವನ್ನು ತೊರೆದು ಸ್ವತಂತ್ರರಾದರು. ಮರುವರ್ಷ ಪ್ರಕಟವಾದ ಹಿದೆಯುಕಿ ಕಿಕುಚಿಯವರ ‘ವ್ಯಾಂಪೈರ್ ಹಂಟರ್ ಡಿ’ ಕಾದಂಬರಿಗೆ ಬರೆದ ಚಿತ್ರಗಳಲ್ಲಿ, ಜಪಾನಿನ ಮರದಚ್ಚಿನ ಚಿತ್ರಪರಂಪರೆ ಹಾಗೂ ಯೂರೋಪಿನ ಆರ್ಟ್ ನೂವೋ ಶೈಲಿಗಳು ಬೆರೆತ ಅವರದೇ ಮುದ್ರೆ ಎದ್ದು ಕಂಡಿತು.

ತೆರೆಯ ಮೇಲಿಲ್ಲದ ಚಿತ್ರ

1987ರ ಡಿಸೆಂಬರಿನಲ್ಲಿ ಸ್ಕ್ವೇರ್ ಸಂಸ್ಥೆಯು ಹಿರೊನೊಬು ಸಕಾಗುಚಿಯವರ ನೇತೃತ್ವದಲ್ಲಿ ಸಿದ್ಧಪಡಿಸಿದ ‘ಫೈನಲ್ ಫ್ಯಾಂಟಸಿ’ ಆಟವನ್ನು ಬಿಡುಗಡೆ ಮಾಡಿತು. ಪಾತ್ರಗಳ ಮೂಲಚಿತ್ರಗಳು ಅಮಾನೊ ಅವರವು. ಆದರೆ ಅಂದಿನ ಫ್ಯಾಮಿಕಾಮ್ ಯಂತ್ರದಲ್ಲಿ ಚಲಿಸುವ ಒಂದು ಪುಟ್ಟ ಬಿಂಬಕ್ಕೆ ಮೂರೇ ಬಣ್ಣಗಳ ಅವಕಾಶವಿತ್ತು; ಜಲವರ್ಣದ ಸೂಕ್ಷ್ಮ ಛಾಯೆಗಳನ್ನು ಅದು ತೋರಿಸಲಾರದು. ಕಜುಕೊ ಶಿಬುಯಾ ಆ ಪಾತ್ರಗಳನ್ನು ಚುಕ್ಕಿ ಚುಕ್ಕಿಯಾಗಿ ತೆರೆಗೆ ಅಳವಡಿಸಿದರು. ತೆರೆಯ ಮೇಲೆ ಕಂಡದ್ದು ಚುಕ್ಕಿಗಳ ಗೊಂಬೆ. ಗ್ರಾಹಕನ ಕಲ್ಪನೆಯನ್ನು ತುಂಬಿದ್ದು ಕಾಗದದ ಮೇಲಿನ ಚಿತ್ರ.

1997ರ ಏಳನೆಯ ಆವೃತ್ತಿಯಲ್ಲಿ ಪಾತ್ರವಿನ್ಯಾಸದ ಹೊಣೆ ತೆತ್ಸುಯಾ ನೊಮುರಾ ಅವರಿಗೆ ಸಂದಿತು. ಆದರೂ ಲಾಂಛನಚಿತ್ರಗಳ ಕಾರ್ಯ ಅಮಾನೊ ಅವರಲ್ಲೇ ಉಳಿಯಿತು. 2003ರಲ್ಲಿ ಸ್ಕ್ವೇರ್ ಸಂಸ್ಥೆ ಎನಿಕ್ಸ್‌ನೊಡನೆ ವಿಲೀನಗೊಂಡಿತು. ಯಂತ್ರಗಳು, ನಿರ್ದೇಶಕರು, ಕಥೆಗಳು ಬದಲಾದವು. 2023ರ ಹದಿನಾರನೆಯ ಆವೃತ್ತಿಯ ಲಾಂಛನವೂ ಅವರ ಕುಂಚದ್ದೇ. ಪ್ರತಿ ಆವೃತ್ತಿಗೂ ಹೊಸ ಕಥೆ ಇರುವ ಈ ಸರಣಿಗೆ ಒಂದೇ ಮನೆತನದ ಗುರುತನ್ನು ನೀಡಿದ್ದರಲ್ಲಿ ಈ ರೇಖೆಯ ಪಾಲು ದೊಡ್ಡದು.

ಉದ್ಯಮಿಗಳು ಗಮನಿಸಬೇಕಾದದ್ದು

ಸಂಸ್ಥೆಯೊಳಗೇ ಬೆಳೆದ ಬ್ರ್ಯಾಂಡನ್ನು ಆಸ್ತಿಯೆಂದು ತೋರಿಸಲು ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ 38 ಅನುಮತಿಸುವುದಿಲ್ಲ. ಪಟ್ಟಿಯಲ್ಲಿ ಕಾಣದ ಈ ಸಂಪತ್ತನ್ನು ಕರಾರುಪತ್ರವೇ ಕಾಪಾಡಬೇಕು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದಲ್ಲಿ ಅದು ಐದು ವರ್ಷವೆಂದೇ ಪರಿಗಣಿತವಾಗುತ್ತದೆ. ಹೊರಗಿನ ಚಿತ್ರಕಾರರಿಂದ ಲಾಂಛನ ಬರೆಸುವ ಉದ್ಯಮಿಯು ಸಂಭಾವನೆಯ ಮೊತ್ತದಷ್ಟೇ ಎಚ್ಚರದಿಂದ ಈ ಅವಧಿಯನ್ನೂ ಬರೆದಿಡುವುದು ಕ್ಷೇಮ.